ನಾಳೆಯ ಬೋರ್ಶ್

ನಮ್ಮೂರು ವೆರ್ಬಿವ್ಕಾದಲ್ಲಿ ಉಸ್ತಿನಾಳ ಕೈಯ ಬೋರ್ಶ್, ಅಂದರೆ ಬೀಟ್ರೂಟಿನ ಕೆಂಪು ಹುಳಿಸಾರು, ಇಲ್ಲದೆ ಯಾರ ಮದುವೆಯೂ ಮುಗಿಯುತ್ತಿರಲಿಲ್ಲ. ಮದುವೆ ಹಾಗಿರಲಿ, ಸತ್ತವರು ಕೂಡ ನೆಮ್ಮದಿಯಿಂದ ಹೋಗುತ್ತಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹೋದವರ ಹೆಸರಿನಲ್ಲಿ ಊಟ ಹಾಕುತ್ತೇವಲ್ಲ, ಅದರಲ್ಲಿ ಬೋರ್ಶ್ ಬಾಯಿ ಸುಡುವಷ್ಟು ಬಿಸಿ ಇರಬೇಕು. ಹೋದವರಿಗೆಂದೇ ಒಂದು ಬಟ್ಟಲು ಬೇರೆ ಇಡುತ್ತೇವೆ. ಅದರಿಂದ ಏಳುವ ಹಬೆ ಹಿಡಿದುಕೊಂಡೇ ಜೀವ ಮೇಲೆ ಹೋಗುವುದು. ತಣ್ಣಗಿನದನ್ನು ಬಡಿಸಿದರೆ ಜೀವ ಮನೆಯ ಜಂತೆಗೆ ಅಂಟಿಕೊಂಡು ಕೂರುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಅವಳು ಸತ್ತಾಗ ನಾನು ಬೇರೆ ಯಾರನ್ನೂ ನಂಬದೆ ಉಸ್ತಿನಾಳನ್ನೇ ಕರೆಸಿದೆ. ಆ ಮುದುಕಿ ನನ್ನ ಜಂತೆಯಲ್ಲಿ ಕೂತು ಇನ್ನೂ ಇಪ್ಪತ್ತು ವರ್ಷ ನನ್ನ ಅಡುಗೆಗೆ ಹೆಸರಿಡುವುದು ನನಗೆ ಬೇಕಿರಲಿಲ್ಲ.

ನಾನು ಫ್ರೋಸ್ಯಾ. ನನ್ನ ಮನೆಯ ಎಡಕ್ಕೆ ಉಸ್ತಿನಾಳ ಮನೆ, ಬಲಕ್ಕೆ ಅವಳ ತಂಗಿ ಓದರ್ಕಾಳದು. ಅಕ್ಕತಂಗಿಯರು ಮಾತು ಬಿಟ್ಟ ಮೇಲೆ ಇಬ್ಬರ ಮಾತೂ ನನ್ನ ಅಂಗಳ ದಾಟಿಯೇ ಹೋಗಬೇಕಾಯಿತು. "ಅವಳ ಕೋಳಿ ನನ್ನ ಪಾತಿ ಕೆದಕಿದೆ ಅಂತ ಹೇಳು," "ಅವಳ ಪಾತಿಗೆ ನನ್ನ ಕೋಳಿಯನ್ನ ಕರೀಬೇಡ ಅಂತ ಹೇಳು." ನಾನು ಹೇಳುತ್ತಿದ್ದೆ. ಅರ್ಧ ಹೇಳುತ್ತಿದ್ದೆ, ಉಳಿದರ್ಧ ನುಂಗುತ್ತಿದ್ದೆ. ಪೂರ್ತಿ ಹೇಳಿದ್ದರೆ ಒಂದು ಬೇಲಿಯೂ ಉಳಿಯುತ್ತಿರಲಿಲ್ಲ.

ಉಸ್ತಿನಾ ಉದ್ದನೆಯ ಒಣಕಲು ಹೆಂಗಸು. ಅಷ್ಟು ಜನಕ್ಕೆ ಉಣ್ಣಿಸಿದ ಅವಳ ಮೈಮೇಲೆ ಹಿಡಿ ಮಾಂಸ ಇರಲಿಲ್ಲ. ಗಂಡ ಯುದ್ಧಕ್ಕೆ ಹೋದವನು ಬರಲಿಲ್ಲ, ಮಕ್ಕಳಿರಲಿಲ್ಲ. ಹಸಿವಿನ ವರ್ಷದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದಾಗ ಅವಳಿಗೆ ಹದಿಮೂರೋ ಹದಿನಾಲ್ಕೋ. ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಕಾಡುಸೊಪ್ಪು, ಮರದ ತೊಗಟೆ, ಏನು ಸಿಕ್ಕರೆ ಅದನ್ನು ಬೇಯಿಸಿ ಬದುಕಿಸಿದಳು. ಆ ವರ್ಷದ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ. ಆದರೆ ಆಗ ಬದುಕಿ ಉಳಿದವರನ್ನು ಅವರ ಅಡುಗೆಮನೆಯಲ್ಲಿ ಗುರುತು ಹಿಡಿಯಬಹುದು, ಅವರು ಏನನ್ನೂ ಎಸೆಯುವುದಿಲ್ಲ.

ಉಸ್ತಿನಾಳ ಬೋರ್ಶಿನ ಗುಟ್ಟೂ ಅದೇ ಆಗಿತ್ತು. ಹಂದಿ ಕೊಬ್ಬನ್ನು ಉಪ್ಪು ಹಾಕಿ ಇಟ್ಟ ಸಾಲೋ ಎಲ್ಲರ ಮನೆಯಲ್ಲೂ ಇರುತ್ತದೆ. ಬೆಳ್ಳಗಿರುವಾಗ ಬ್ರೆಡ್ಡಿನ ಜೊತೆ ತಿನ್ನುತ್ತೇವೆ. ವರ್ಷ ಕಳೆದು ಹಳದಿಯಾಗಿ ಕಮಟು ವಾಸನೆ ಬಂದದ್ದನ್ನು ಅವಳು ಬಟ್ಟೆಯಲ್ಲಿ ಸುತ್ತಿ ನೆಲಮಾಳಿಗೆಯಲ್ಲಿ ಇಡುತ್ತಿದ್ದಳು. ಬೋರ್ಶ್ ಇಳಿಸುವ ಹೊತ್ತಿಗೆ ಅದರ ಒಂದು ತುಂಡನ್ನು ಬೆಳ್ಳುಳ್ಳಿಯ ಜೊತೆ ಮಣ್ಣಿನ ಬೋಗುಣಿಯಲ್ಲಿ ಹಾಕಿ ಮರದ ಗುಂಡಿನಿಂದ ಅರೆದು ಮಡಕೆಗೆ ಬಿಟ್ಟು ಮುಚ್ಚಿಬಿಡುತ್ತಿದ್ದಳು. ಬೇರೆ ಹೆಂಗಸರೂ ಇದನ್ನು ಮಾಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಮಾಡುವುದು ಬೇರೆ, ಅತಿಥಿಗಳ ಮುಂದೆ ಹೇಳುವುದು ಬೇರೆ.

ಓದರ್ಕಾ ಹೇಳಿಬಿಟ್ಟಳು. ಅವಳು ಅಕ್ಕನ ಹಾಗಲ್ಲ, ಗುಂಡಗೆ ಕೆಂಪಗೆ ಇದ್ದಳು, ನಕ್ಕರೆ ಬೀದಿಗೆ ಕೇಳುತ್ತಿತ್ತು. ಸಾಮೂಹಿಕ ಬೇಸಾಯದ ಸುಗ್ಗಿ ಊಟದಲ್ಲಿ ಜಿಲ್ಲೆಯಿಂದ ಬಂದ ದೊಡ್ಡ ಮನುಷ್ಯನೊಬ್ಬ ಎರಡು ಬಟ್ಟಲು ಹೊಡೆದು, ಮೂರನೆಯದಕ್ಕೆ ಕೈ ಚಾಚಿ, "ಇದಕ್ಕೆ ಏನು ಹಾಕ್ತೀರಮ್ಮ? ನನ್ನ ಹೆಂಡ್ತಿಗೆ ಹೇಳ್ಬೇಕು," ಎಂದ. ಉಸ್ತಿನಾ ಬಾಯಿ ತೆರೆಯುವ ಮೊದಲೇ ಓದರ್ಕಾ ಮೇಜಿನ ಆ ತುದಿಯಿಂದ ಕೂಗಿದಳು.

"ನಮ್ಮಕ್ಕ ಹಾಕೋ ಸಾಲೋನ ಬೆಕ್ಕೂ ಮೂಸಲ್ಲ ಸಾರ್! ಅದಕ್ಕೇ ಅಷ್ಟು ರುಚಿ!"

ಇಡೀ ಮೇಜು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ದೊಡ್ಡ ಮನುಷ್ಯನೂ ನಗಲು ನೋಡಿದ, ಆಮೇಲೆ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬ್ರೆಡ್ಡು ಮುರಿಯತೊಡಗಿದ. ಉಸ್ತಿನಾ ಆ ಸರಿಸಿದ ಬಟ್ಟಲನ್ನೇ ನೋಡುತ್ತಾ ನಿಂತಳು. ಅದೇ ಕೈಯಿಂದ ತಾನು ಬದುಕಿಸಿದ ಹುಡುಗಿ ಅದೇ ಕೈಯನ್ನು ಹಂಗಿಸಿದಳಲ್ಲ ಎನ್ನಿಸಿರಬೇಕು. ಸೌಟನ್ನು ಮಡಕೆಯೊಳಗೆ ಬಿಟ್ಟು ಹೇಳಿದಳು.

"ಕೇಳಿ ಎಲ್ಲರೂ. ಇವತ್ತಿಂದ ನನಗೆ ತಂಗಿ ಇಲ್ಲ. ಇವಳು ನನಗೆ ಯಾರೂ ಅಲ್ಲ."

ಓದರ್ಕಾ ಮಾರನೆಯ ದಿನ ಒಂದು ಬುಟ್ಟಿ ಸೇಬು ಹಿಡಿದು ಹೋದಳು. ಬಾಗಿಲು ತೆರೆಯಲಿಲ್ಲ. ಅಳುತ್ತಾ ಹೋದಳು, ಬೈಯುತ್ತಾ ಹೋದಳು, ಈಸ್ಟರ್ ಹಬ್ಬಕ್ಕೆ ಬಣ್ಣದ ಮೊಟ್ಟೆ ಹಿಡಿದು ಹೋದಳು. ಆ ದಿನ ಶತ್ರುವನ್ನೂ ಮೂರು ಸಲ ಮುತ್ತಿಕ್ಕಿ ಒಳಗೆ ಕರೆಯುತ್ತಾರೆ. ಉಸ್ತಿನಾ ಕಿಟಕಿಯಿಂದ, "ನಮ್ಮ ಮನೇಲಿ ಕೋಳಿ ಇದೆ, ಮೊಟ್ಟೆಗೆ ಬರ ಇಲ್ಲ," ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓದರ್ಕಾಳದು ತಮಾಷೆಗೆ ಆಡಿದ ಮಾತು. ಉಸ್ತಿನಾಳದು ಸಿಟ್ಟಿಗೆ ಆಡಿದ್ದು. ಸಿಟ್ಟು ಇಳಿದ ಮೇಲೂ ಅವಳು ಅದನ್ನು ಬಿಡಲಿಲ್ಲ, ಆಡಿದವಳು ತಾನಲ್ಲವೇ ಎಂಬ ಹಟ. ಯಾರಾದರೂ "ನಿನ್ನ ತಂಗಿ" ಎಂದರೆ ಸಾಕು, "ಯಾವ ತಂಗಿ?" ಎನ್ನುವಳು. ಹೀಗೆ ಇಪ್ಪತ್ತು ವರ್ಷದ ಹತ್ತಿರ ಕಳೆಯಿತು.

ನಡುವೆ ಒಂದು ಘಟನೆ ನಡೆಯಿತು. ಅದಕ್ಕಾಗಿ ನಾನು ಉಸ್ತಿನಾಳನ್ನು ಬಹಳ ದಿನ ಕ್ಷಮಿಸಲಿಲ್ಲ. ಓದರ್ಕಾಳ ಗಂಡ ಪನಾಸ್ ಸತ್ತ. ಸಾವಿನ ಮನೆಯ ಅಡುಗೆಯನ್ನು ನಮ್ಮಲ್ಲಿ ರಕ್ತಸಂಬಂಧಿಗಳಾಗಲಿ ನೆಂಟರಾಗಲಿ ಮುಟ್ಟುವುದಿಲ್ಲ, ಹೊರಗಿನವರೇ ಮಾಡಬೇಕು. ಮನೆಯವರ ಕೈರುಚಿ ಗೊತ್ತಾದರೆ ಜೀವ ಅದಕ್ಕೇ ಕಟ್ಟಿಬಿದ್ದು ಹೊರಡಲಾರದು ಎಂದು ಮುದುಕಿಯರ ಮಾತು. ಪನಾಸನ ಮನೆಗೆ ಉಸ್ತಿನಾ ಕರೆಯುವ ಮೊದಲೇ ಬಂದಳು. ಏಪ್ರನ್ ಕಟ್ಟಿಕೊಂಡು, ತನ್ನ ಸೌಟು ಹಿಡಿದುಕೊಂಡು ಬಂದಳು. ಓದರ್ಕಾ ಶವದ ಪಕ್ಕದ ಬೆಂಚಿನಿಂದ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ಅಡುಗೆ ಯಾರಾದ್ರೂ ಮಾಡ್ತಾರೆ. ನೀನು ಬಾ, ನನ್ನ ಪಕ್ಕ ಕೂತ್ಕೋ. ನಂಗೆ ಇನ್ಯಾರಿದಾರೆ?"

ಉಸ್ತಿನಾ ಕೈ ಬಿಡಿಸಿಕೊಂಡಳು. "ಆ ಬೆಂಚು ನೆಂಟರಿಗೆ. ನಾನು ಅಡುಗೆಯವಳು. ಈರುಳ್ಳಿ ಎಲ್ಲಿಟ್ಟಿದೀರಿ?"

ಊರಿಗೆಲ್ಲ ಅರ್ಥವಾಯಿತು. ಅಡುಗೆ ಮಾಡಿಯೇ ಅವಳು ತಾನು ಯಾರೂ ಅಲ್ಲವೆಂದು ಸಾರಿದ್ದಳು. ಆ ದಿನದ ಬೋರ್ಶ್ ಅಮೋಘವಾಗಿತ್ತು. ಓದರ್ಕಾ ಒಂದು ಚಮಚವನ್ನೂ ಮುಟ್ಟಲಿಲ್ಲ. ಮಗಳು ಲೀದಾಳನ್ನು ತಬ್ಬಿಕೊಂಡು ಉದ್ದನೆಯ ಬೆಂಚಿನಲ್ಲಿ ಕೂತಿದ್ದಳು, ಅವರಿಬ್ಬರೇ.

ಇನ್ನು ಇಪ್ಪತ್ತು ವರ್ಷ ತುಂಬುತ್ತಿದ್ದ ಜನವರಿಯ ಮಾತು. ಕ್ರಿಸ್ಮಸ್ ಕಳೆದ ಮೇಲೆ ಬಿದ್ದ ಚಳಿಗೆ ಬಾವಿಯ ಸರಪಳಿ ಕೈಗೆ ಅಂಟಿಕೊಳ್ಳುತ್ತಿತ್ತು. ಓದರ್ಕಾ ಕೆಮ್ಮು ಹಿಡಿದು ಮಲಗಿದಳು. ಲೀದಾ ಹಾಲಿನ ಡೈರಿಯ ಕೆಲಸಕ್ಕೆ ರಜೆ ಹಾಕಿ ಅಮ್ಮನ ಬಳಿ ಇದ್ದಳು. ವೈದ್ಯ ಬಂದು ಸೂಜಿ ಹಾಕಿ ಹೋದ. ನಾನು ಬೆಳಗ್ಗೆ ಹಾಲು ಕೊಡಲು ಹೋದಾಗ ಓದರ್ಕಾ ದೊಡ್ಡ ಇಟ್ಟಿಗೆ ಒಲೆಯ ಬೆಚ್ಚನೆಯ ಕಟ್ಟೆಯ ಮೇಲೆ ಹಾಸಿದ್ದ ಹಾಸಿಗೆಯಿಂದ ಕೈಸನ್ನೆ ಮಾಡಿ ಕರೆದಳು. ಉಸಿರಾಟಕ್ಕೆ ಕಷ್ಟ ಇತ್ತು, ಆದರೂ ಬಾಯಲ್ಲಿ ನಗು.

"ಫ್ರೋಸ್ಯಾ, ಅವಳಿಗೆ ಹೇಳು. ಬೆಕ್ಕೂ ಮೂಸದ ಸಾಲೋ ಹಾಕಿದ ಬೋರ್ಶ್ ಒಂದು ಬಟ್ಟಲು ಬೇಕಂತೆ ಅಂತ."

"ಹಾಗೇ ಹೇಳ್ಲಾ? ಸೌಟಿಂದ ಹೊಡೀತಾಳೆ ನನ್ನ."

"ಹಾಗೇ ಹೇಳು. ಇನ್ನೊಂದು, ನಿನ್ನ ಕೈಲಿ ಕಳಿಸಬಾರದಂತೆ. ಅವಳೇ ತರಬೇಕಂತೆ."

ಉಸ್ತಿನಾ ಅಂಗಳದಲ್ಲಿ ಹಿಮ ಗುಡಿಸುತ್ತಿದ್ದಳು. ನಾನು ಒಂದಕ್ಷರ ನುಂಗದೆ ಪೂರ್ತಿ ಹೇಳಿದೆ. ಅವಳು ಪೊರಕೆ ನಿಲ್ಲಿಸಲಿಲ್ಲ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

"ಜ್ವರ ಬಂದ ಮೇಲೆ ಅಕ್ಕ ನೆನಪಾದ್ಲಾ?" ಎಂದಳು ಕೊನೆಗೆ.

ಅಕ್ಕ ಎಂಬ ಮಾತು ಅವಳ ಬಾಯಿಂದಲೇ ಬಂದಿತ್ತು. ನಾನು ಕೇಳಿಸದವಳ ಹಾಗೆ ನಿಂತೆ, ಎತ್ತಿ ಆಡಿದ್ದರೆ ವಾಪಸ್ಸು ತೆಗೆದುಕೊಳ್ಳುತ್ತಿದ್ದಳು. ಪೊರಕೆಯನ್ನು ಬೇಲಿಗೆ ಒರಗಿಸಿ ಅವಳು ನೇರ ನೆಲಮಾಳಿಗೆಗೆ ಇಳಿದಳು. ಬೀಟ್ರೂಟ್ ಹುಳಿನೀರಿನ ಜಾಡಿ ಎತ್ತಿಕೊಂಡು ಬಂದು, ಮುಚ್ಚಳ ತೆಗೆದು ಮೂಸಿ, ಬೆರಳು ಅದ್ದಿ ಚೀಪಿ, ಮುಖ ಸಿಂಡರಿಸಿದಳು. "ಹುಳಿ ಕಟ್ಟಿಲ್ಲ. ಇವತ್ತು ಒಲೆ ಪಕ್ಕ ಇಡ್ತೀನಿ. ನಾಳೆ ಮಾಡ್ತೀನಿ."

"ವಿನೆಗರ್ ಹಾಕು, ಇವತ್ತೇ ಮಾಡು. ಅವಳಿಗೆ ಆರಾಮಿಲ್ಲ ಕಣೆ."

"ವಿನೆಗರ್ ಹಾಕೋದು ಹಾಪ್ಕಾ," ಎಂದಳು. ಹಾಪ್ಕಾ ಎಂದರೆ ಸಾಮೂಹಿಕ ಬೇಸಾಯದ ಕ್ಯಾಂಟೀನಿನ ಅಡುಗೆಯವಳು. ಪಾಪದ ಹೆಂಗಸು, ಯಾರ ತಂಟೆಗೂ ಹೋಗುವವಳಲ್ಲ. ಆದರೆ ಅವಳ ಬೋರ್ಶಿನ ಮೇಲೆ ಹಂದಿಯ ನೆರಳು ಬಿದ್ದು ಹೋಗಿರುತ್ತದೆಯೇ ಹೊರತು ಹಂದಿ ಸಿಗುವುದಿಲ್ಲ ಎಂದು ನನ್ನ ಗಂಡ ಕಿಂದ್ರಾತ್ ಹೇಳುತ್ತಾನೆ.

ಮಾರನೆಯ ದಿನ ನಾನು ಹೊಲಿಗೆ ಹಿಡಿದುಕೊಂಡು ಉಸ್ತಿನಾಳ ಮನೆಯಲ್ಲೇ ಕೂತೆ. ಅವಳು ಸಾವಿರ ಸಲ ಬೋರ್ಶ್ ಮಾಡಿದ್ದನ್ನು ನೋಡಿದ್ದೇನೆ, ಅಂದಿನ ಹಾಗೆ ಮಾಡಿದ್ದು ನೋಡಿರಲಿಲ್ಲ. ಹಂದಿಯ ಪಕ್ಕೆಲುಬನ್ನು ಬೆಳಕು ಹರಿಯುವ ಮೊದಲೇ ನೀರಿಗೆ ಹಾಕಿದ್ದಳು. ನೊರೆ ತೆಗೆದು, ಮತ್ತೆ ತೆಗೆದು, ಸಾರು ತಿಳಿಯಾಗುವವರೆಗೆ ಒಲೆಯ ಬಾಯಿಯಿಂದ ಸರಿಯಲಿಲ್ಲ. ನೆನೆಸಿದ ಬಿಳಿ ಬೀನ್ಸ್ ಕಾಳನ್ನು ಬೇರೆಯೇ ಬೇಯಿಸಿದಳು, ಜೊತೆಗೆ ಬೆಂದರೆ ಸಾರು ಕದಡುತ್ತದೆಯಂತೆ. ಬೀಟ್ರೂಟನ್ನು ತುರಿಯಲಿಲ್ಲ, ಕಡ್ಡಿ ಕಡ್ಡಿಯಾಗಿ ಹೆಚ್ಚಿದಳು. ಕೊಬ್ಬಿನಲ್ಲಿ ಬಾಡಿಸಿ ಹುಳಿನೀರು ಚಿಮುಕಿಸಿದಾಗ ಮನೆ ತುಂಬ ಗಮ್ಮೆಂದಿತು. ಆಲೂಗಡ್ಡೆ ಬಿತ್ತು, ಈರುಳ್ಳಿ ಕ್ಯಾರೆಟ್ಟಿನ ಒಗ್ಗರಣೆ ಬಿತ್ತು, ಎಲೆಕೋಸು ಎಲ್ಲಕ್ಕಿಂತ ಕಡೆಗೆ. ಹೊಗೆಯಲ್ಲಿ ಒಣಗಿಸಿದ ಒಂದು ಪೇರ್ ಹಣ್ಣನ್ನು ವಾಸನೆಗೆಂದು ಹಾಕಿ, ಮತ್ತೆ ಹುಡುಕಿ ತೆಗೆದಳು.

"ಅದನ್ನ ಯಾಕೆ ತೆಗ್ದೆ?"

"ಅವಳಿಗೆ ಬಾಯಿಗೆ ಸಿಕ್ಕರೆ ಸೇರಲ್ಲ. ವಾಸನೆ ಸೇರುತ್ತೆ, ಹಣ್ಣು ಸೇರಲ್ಲ. ಚಿಕ್ಕೋಳಿದ್ದಾಗಿಂದ ಹಾಗೇ," ಎಂದಳು ನನ್ನ ಕಡೆ ನೋಡದೆ.

ಆಮೇಲೆ ಆ ಬಟ್ಟೆಯ ಗಂಟು ಬಿಚ್ಚಿದಳು. ಸಾಲೋ ಮೇಣದ ಹಾಗೆ ಹಳದಿಯಾಗಿತ್ತು. ಬೆಳ್ಳುಳ್ಳಿ ಸುಲಿದು ಬೋಗುಣಿಯನ್ನು ತೊಡೆಯ ನಡುವೆ ಇಟ್ಟುಕೊಂಡು ಅರೆಯುತ್ತಾ ಇದ್ದಕ್ಕಿದ್ದಂತೆ ನಕ್ಕಳು. "ಬೆಕ್ಕೂ ಮೂಸಲ್ಲವಂತೆ! ನೋಡೇ." ಅವಳ ಬೂದು ಬೆಕ್ಕು ನಿಜವಾಗಿಯೂ ಬೋಗುಣಿಯ ಬಳಿ ಬಂದು, ಮೂತಿ ಚಾಚಿ, ಬಾಲ ಎತ್ತಿಕೊಂಡು ಹೊರಟುಹೋಯಿತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಇಷ್ಟು ವರ್ಷ ಇವಳು ಇದಕ್ಕೆ ನಗದೆ ಹೇಗೆ ಇದ್ದಳೋ ಎನ್ನಿಸಿತು.

ಸಂಜೆಗೆ ಬೋರ್ಶ್ ಆಯಿತು. ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಚಾಚಿದೆ. ಆಮೇಲೆ ಎದ್ದು ಅವಳ ಕೋಟು ಕೊಕ್ಕೆಯಿಂದ ತೆಗೆದು ಮುಂದೆ ಹಿಡಿದೆ. "ಹಾಕ್ಕೋ. ಬಿಸಿ ಇರೋವಾಗ್ಲೇ ಹೋಗೋಣ. ನಾನು ಲಾಟೀನು ಹಿಡೀತೀನಿ."

"ಇವತ್ತಾ?" ಎಂದು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು. "ಈಗಿನ್ನೂ ಇದು ಬೋರ್ಶ್ ಆಗಿಲ್ಲ. ಬರೀ ಕೆಂಪು ಸಾರು. ರಾತ್ರಿಯೆಲ್ಲ ಕೂರಬೇಕು, ಒಂದಕ್ಕೊಂದು ಒಗ್ಗಬೇಕು. ನಿಂಗೊತ್ತಿಲ್ವಾ?"

"ಗೊತ್ತು. ಆದ್ರೂ ಹೋಗು."

"ಇಷ್ಟು ವರ್ಷ ಆದ್ಮೇಲೆ ಕೇಳಿದಾಳೆ. ಅರೆಬರೆ ಕೊಡ್ಲಾ? ನಾಳೆ ಬೆಳಗ್ಗೆ ಒಯ್ತೀನಿ. ಜೊತೆಗೆ ಬೆಳ್ಳುಳ್ಳಿ ಬನ್ನೂ ಸುಡ್ತೀನಿ."

ನನಗೆ ಸಿಟ್ಟು ಬಂತು. "ನಿನ್ನ ಬೋರ್ಶಿಗೊಂದು ನಮಸ್ಕಾರ, ನಿನ್ನ ಜಂಬಕ್ಕೊಂದು ನಮಸ್ಕಾರ," ಎಂದು ಬಾಗಿಲು ಬಡಿದುಕೊಂಡು ಹೊರಟೆ. ಈಗ ಅನ್ನಿಸುತ್ತದೆ, ಅದು ಜಂಬ ಅಷ್ಟೇ ಅಲ್ಲ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವುದು ಅವಳ ಕೈಲಾಗುತ್ತಿರಲಿಲ್ಲ, ಅದನ್ನು ಆ ಮಡಕೆಯೇ ಹೇಳಬೇಕಿತ್ತು. ಅದಕ್ಕೇ ಒಂದು ಹರಳು ಉಪ್ಪು ಕೂಡ ಹೆಚ್ಚುಕಡಿಮೆ ಆಗಬಾರದಾಗಿತ್ತು. ಹೆದರಿಕೆಯೂ ಇತ್ತು ಎಂದು ಕಾಣುತ್ತದೆ. ಒಂದು ರಾತ್ರಿ ಮುಂದೆ ಹಾಕಲು ಅವಳಿಗೆ ನೆಪ ಸಿಕ್ಕಿತು.

ಬೆಳಗ್ಗೆ ನಾನು ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಬಲಗಡೆ ಮನೆಯಿಂದ ಲೀದಾಳ ಅಳು ಕೇಳಿತು. ಎಡಗಡೆ ಮನೆಯ ಬಾಗಿಲು ತೆರೆದು ಉಸ್ತಿನಾ ಹೊರಗೆ ಬಂದಿದ್ದಳು. ಕೋಟು ಹಾಕಿ, ಹೊಸ ತಲೆವಸ್ತ್ರ ಕಟ್ಟಿ, ಮಡಕೆಯನ್ನು ಹಳೆಯ ಶಾಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದಳು. ಮೇಲೆ ಬನ್ನಿನ ಗಂಟು. ನನ್ನ ಬೇಲಿಯವರೆಗೂ ಬಂದವಳು ಅಲ್ಲೇ ನಿಂತಳು. ಆ ಅಳುವಿಗೆ ಅರ್ಥ ಒಂದೇ. ಅವಳು ತಿರುಗಿ, ಮಡಕೆ ತುಳುಕದಂತೆ ಹೆಜ್ಜೆ ನೋಡಿಕೊಂಡು, ವಾಪಸ್ಸು ಒಳಗೆ ಹೋದಳು.

ಮಧ್ಯಾಹ್ನ ನಾನು ಅವಳ ಬಳಿ ಕೂತಿದ್ದಾಗ ಲೀದಾ ಬಂದಳು. ಹೊಸ್ತಿಲ ಮೇಲೆ ನಿಂತಳು, ಕೂರು ಎಂದರೆ ಕೂರಲಿಲ್ಲ. ಅಮ್ಮನ ಹಾಗೆ ನಗುವವಳಲ್ಲ ಅವಳು, ಮೊದಲಿನಿಂದಲೂ ಮಾತು ಕಡಿಮೆ.

"ಉಸ್ತಿನಾ ಅವರೇ," ಎಂದಳು. ಸ್ವಂತ ದೊಡ್ಡಮ್ಮನನ್ನು ಆ ಹುಡುಗಿ ಹಾಗೆ ಕರೆದದ್ದಕ್ಕೆ ನನಗೇ ಚುರುಕ್ಕೆಂದಿತು. "ನಾಳೆ ಮಣ್ಣು. ಅಡುಗೆಗೆ ಕರೆಯೋಕೆ ಬಂದೆ. ಅಪ್ಪನಿಗೂ ನೀವೇ ಮಾಡಿದ್ರಿ."

ಉಸ್ತಿನಾ ಮಡಕೆಗೆ ಸುತ್ತಿದ್ದ ಶಾಲನ್ನು ಇನ್ನಷ್ಟು ಬಿಗಿದಳು.

"ಒಡಹುಟ್ಟಿದೋರು ಮಾಡೋ ಹಾಗಿಲ್ಲ. ನೀವು ಅಮ್ಮನಿಗೆ ಯಾರೂ ಅಲ್ಲ ಅಂತ ನೀವೇ ಹೇಳಿದೀರಿ, ಹಾಗಾಗಿ ತೊಂದ್ರೆ ಇಲ್ಲ. ಅಮ್ಮ ನಿಮ್ಮ ಬೋರ್ಶ್ ಕೇಳಿದ್ಲು. ಇದ್ದಾಗ ಸಿಗಲಿಲ್ಲ, ಹೋಗುವಾಗಲಾದ್ರೂ ಸಿಗಲಿ. ಇಲ್ಲ, ನಾನು ಅವಳ ಅಕ್ಕ ಅಂತೀರಾ, ಹಾಪ್ಕಾಗೆ ಹೇಳ್ತೀನಿ. ಸಂಜೆಯೊಳಗೆ ತಿಳಿಸಿ."

ಹಂಗಿಸಲು ಹೇಳಿದಳೋ, ನಿಜವಾಗಿಯೂ ಕರೆಯಲು ಹೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇದ್ದಿರಬಹುದು. ಅವಳು ಹೋದ ಮೇಲೆ ಉಸ್ತಿನಾ ಮೇಜಿನ ಮೇಲಿನ ಮಡಕೆಯನ್ನು ನೋಡುತ್ತಾ ಕೂತಳು. ಶಾಲು ಇನ್ನೂ ಸುತ್ತಿಯೇ ಇತ್ತು.

"ಏನು ಮಾಡ್ಲಿ ಫ್ರೋಸ್ಯಾ?" ಎಂದಳು.

ಎಷ್ಟೋ ವರ್ಷಗಳಿಂದ ಬೇಲಿ ಹಂಚಿಕೊಂಡಿದ್ದೇವೆ, ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಎರಡೂ ಕಡೆ ತೂಗಿ ನೋಡಿದೆ. ಸೌಟು ಹಿಡಿದರೆ ಓದರ್ಕಾ ಕೊನೆಗೆ ಕೇಳಿದ ಬೋರ್ಶಿನ ಹಬೆ ಹಿಡಿದು ಹೋಗುತ್ತಾಳೆ, ಆದರೆ ಅಕ್ಕ ಇಲ್ಲದವಳಾಗಿ ಹೋಗುತ್ತಾಳೆ. ಇನ್ನು ಆ ಮಾತನ್ನು ತಿದ್ದಲು ಯಾರೂ ಉಳಿಯುವುದಿಲ್ಲ. ಬೆಂಚಿನಲ್ಲಿ ಕೂತರೆ ಅಕ್ಕನಾಗುತ್ತಾಳೆ, ಆದರೆ ತಂಗಿಯ ಬಟ್ಟಲಿಗೆ ಹಾಪ್ಕಾಳ ವಿನೆಗರ್ ನೀರು ಬೀಳುತ್ತದೆ. ಇಪ್ಪತ್ತು ವರ್ಷದ ಹಿಂದೆ ಅವಳು ಆಡಿದ ಮಾತು ಈಗ ಎರಡೂ ದಾರಿಗೆ ಅಡ್ಡ ಬಿದ್ದಿತ್ತು.

"ಮಾಡಿಟ್ಟಿದ್ದು ಇದೆಯಲ್ಲ," ಎಂದೆ. "ಯಾರಿಗೂ ಹೇಳದೆ ಅವಳ ಬಟ್ಟಲಿಗೆ ಒಂದು ಸೌಟು ಹಾಕಿದ್ರೆ?"

"ಇದನ್ನ ಅಕ್ಕನಾಗಿ ಮಾಡಿದ್ದು ಕಣೆ," ಎಂದಳು. "ಇದು ಅವಳನ್ನ ಹೋಗೋಕೆ ಬಿಡಲ್ಲ."

ಸಂಜೆ ಅವಳು ನನ್ನ ಕೈಲಿ ಏನನ್ನೂ ಹೇಳಿ ಕಳಿಸಲಿಲ್ಲ. ತಾನೇ ನನ್ನ ಅಂಗಳ ದಾಟಿ ಬಲಗಡೆ ಮನೆಗೆ ಹೋದಳು. ನಾನು ಕಿಟಕಿಗೆ ಅಂಟಿಕೊಂಡು ನೋಡಿದೆ, ಸುಳ್ಳು ಹೇಳುವುದಿಲ್ಲ. ಏಪ್ರನ್ ಇರಲಿಲ್ಲ, ಕೈಯಲ್ಲಿ ಸೌಟೂ ಇರಲಿಲ್ಲ. ಆ ರಾತ್ರಿ ಅವಳ ಮನೆಯಲ್ಲಿ ಒಲೆ ಉರಿಯಲಿಲ್ಲ.

ಮರುದಿನ ಗಂಡಸರು ನೆಲದ ಮೇಲೆ ಬೆಂಕಿ ಹಾಕಿ ಮಂಜು ಕರಗಿಸಿ ಗುಂಡಿ ತೋಡಿದರು. ಶವದ ತಲೆಯ ಬಳಿ ಉಸ್ತಿನಾ ಕರಿಯ ತಲೆವಸ್ತ್ರದಲ್ಲಿ ನೆಟ್ಟಗೆ ಕೂತಿದ್ದಳು. ಒಳಗೆ ಬಂದವರೆಲ್ಲ ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದರು. ಊರಿನಲ್ಲಿ ಸಾವಾದರೆ ಅವಳನ್ನು ಮಡಕೆಯ ಮುಂದೆ ಬಿಟ್ಟು ಬೇರೆಲ್ಲೂ ಯಾರೂ ನೋಡಿರಲಿಲ್ಲ. ಸ್ಮಶಾನದಿಂದ ಬಂದು ಕೈ ತೊಳೆದು ಎಲ್ಲರೂ ಮೇಜಿಗೆ ಕೂತೆವು. ಮೊದಲು ಜೇನು ಬೆರೆಸಿದ ಗೋಧಿ, ಆಮೇಲೆ ಬೋರ್ಶ್. ಹಾಪ್ಕಾ ಹೊರಗಿನ ಚಪ್ಪರದಡಿ ಬೇಯಿಸಿ ಬಕೆಟ್ಟಿನಲ್ಲಿ ಹೊತ್ತು ತಂದಳು. ಉಸ್ತಿನಾಳನ್ನು ನೋಡಿ ಅವಸರ ಅವಸರವಾಗಿ ಬಡಿಸತೊಡಗಿದಳು. ಓದರ್ಕಾಳಿಗೆಂದು ಇಟ್ಟ ಬಟ್ಟಲಿಗೆ ಬಕೆಟ್ಟಿನ ಮೇಲಿನ ತಿಳಿಯನ್ನೇ ತೆಗೆದು ಹಾಕಲು ಹೋದಳು.

"ಹಾಪ್ಕಾ," ಎಂದಳು ಉಸ್ತಿನಾ. ಇಡೀ ಮೇಜು ತಲೆಯೆತ್ತಿತು, ಇನ್ನು ಸೌಟು ಕಿತ್ತುಕೊಳ್ಳುತ್ತಾಳೆ ಎಂದೇ ಎಲ್ಲರೂ ಅಂದುಕೊಂಡೆವು. "ತಳದಿಂದ ತೆಗೆದು ಹಾಕಮ್ಮ. ಬಿಸೀದು ಹಾಕು, ನನ್ನ ತಂಗಿಗೆ."

ಹಾಪ್ಕಾ ತಳದಿಂದ ತೆಗೆದು ಹಾಕಿದಳು. ಹಬೆ ಎದ್ದಿತು, ತೆಳ್ಳಗೆ. ನನ್ನ ಪಕ್ಕದಲ್ಲಿ ಕಿಂದ್ರಾತ್ ಮೂಗು ಸೀನಿಕೊಂಡ. ಉಸ್ತಿನಾ ತನ್ನ ಬಟ್ಟಲಿಗೆ ಚಮಚ ಹಾಕಿದಳು. ಆ ಬೋರ್ಶ್ ಹೇಗಿತ್ತು ಎಂದು ನಾನು ಹೇಳುವುದಿಲ್ಲ, ಸಾವಿನ ಮನೆಯ ಊಟಕ್ಕೆ ಹೆಸರಿಡಬಾರದು. ಎಲೆಕೋಸು ಬೆಂದಿರಲಿಲ್ಲ ಎಂದಷ್ಟೇ ಹೇಳುತ್ತೇನೆ. ಅವಳು ಒಂದೊಂದೇ ಚಮಚ ಬಾಯಿಗೆ ಹಾಕಿಕೊಂಡಳು. ಮುಖ ಸಿಂಡರಿಸಲಿಲ್ಲ. ಹಾಪ್ಕಾ ಹಿಂದೆ ನಿಂತು, "ಹೇಗಿದೆ ಅಕ್ಕಾ, ಉಪ್ಪು ಸರಿ ಇದೆಯಾ?" ಎಂದು ಪಿಸುಗುಟ್ಟಿದಳು.

"ಚೆನ್ನಾಗಿದೆ," ಎಂದಳು. "ಅವಳಿಗೆ ಇನ್ನೂ ಒಂದು ಚೂರು ಹುಳಿ ಬೇಕಿತ್ತು. ನಾನು ಮಾಡಿದ್ದು ಸರಿಯಾಗಿ ಹುಳಿ ಕಟ್ಟಿತ್ತು."

ಲೀದಾ ಅದುವರೆಗೂ ತಲೆ ತಗ್ಗಿಸಿ ಕೂತಿದ್ದವಳು ಬೆಂಚಿನ ಮೇಲೆ ಸರಿದು ಅವಳ ಹತ್ತಿರ ಬಂದಳು. ಇಬ್ಬರ ಭುಜ ತಾಗಿತು.

"ದೊಡ್ಡಮ್ಮ, ಅಮ್ಮನಿಗೆ ವಾರದಿಂದ ನಾಲಿಗೇಲಿ ರುಚಿನೇ ಇರ್ಲಿಲ್ಲ. ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕ್ಕೊಂಡು ಕುಡಿದ್ಲು, ಗೊತ್ತೇ ಆಗ್ಲಿಲ್ಲ."

ಉಸ್ತಿನಾಳ ಚಮಚ ನಿಂತಿತು. "ಮತ್ತೆ ಬೋರ್ಶ್ ಯಾಕೆ ಕೇಳಿದ್ಲು?"

"ನಾನೂ ಅದನ್ನೇ ಕೇಳ್ದೆ. 'ಬಾ ಅಂದ್ರೆ ಅವಳು ಬರಲ್ಲ, ಬೋರ್ಶ್ ಅಂದ್ರೆ ಬರ್ತಾಳೆ' ಅಂದ್ಲು."

ಮೇಜಿನ ಆಚೆ ಯಾರೋ ಬ್ರೆಡ್ಡು ಕೇಳುತ್ತಿದ್ದರು, ಯಾರೋ ಕೊಡುತ್ತಿದ್ದರು. ಉಸ್ತಿನಾ ಚಮಚವನ್ನು ಮೆಲ್ಲಗೆ ಬಟ್ಟಲಿನ ಪಕ್ಕ ಇಟ್ಟು ನನ್ನ ಕಡೆ ತಿರುಗಿದಳು. ಅವಳ ಕಣ್ಣು ಒಣಗಿಯೇ ಇತ್ತು. ಒಣ ಕಣ್ಣನ್ನು ನೋಡುವುದೇ ಕಷ್ಟ.

"ಹಾಗಾದ್ರೆ ಬರೀ ಕೈಲೇ ಹೋಗ್ಬಹುದಿತ್ತು, ಅಲ್ವೇನೇ?" ಎಂದಳು.